ಕೋಡ್ ಬರೆಯುವ ಮುಂಚಿನ ಐದು ವಾರ: ಕಾಫಿ ಬೀಜ ಆರಿಸುವ ಯಂತ್ರದ ಎಫ್‌ಪಿಜಿಎ ಪ್ರಕರಣ

ಪೀಣ್ಯದ ನಮ್ಮ ವರ್ಕ್‌ಶಾಪಿನ ಕಪಾಟಿನಲ್ಲಿ ಒಂದು ಹಸಿರು ಬೋರ್ಡ್ ಇದೆ. ನಡುವೆ ಒಂದು ಆರ್ಟಿಕ್ಸ್-7 ಎಫ್‌ಪಿಜಿಎ ಚಿಪ್. ಅಂಚಿನಲ್ಲಿ 64 ವಾಲ್ವ್‌ಗಳಿಗೆ ಕನೆಕ್ಟರ್. ಹಿಂಬದಿ ತಿರುಗಿಸಿದರೆ ಕೂದಲೆಳೆಯಂಥ ತಂತಿಗಳ ಜೊತೆ ಕೈಯಿಂದ ಸೋಲ್ಡರ್ ಮಾಡಿದ ಐದು ಪುಟ್ಟ ರೆಸಿಸ್ಟರ್‌ಗಳು ಕಾಣುತ್ತವೆ. ಈ ಬೋರ್ಡ್ ಒಂದು ದಿನವೂ ಕಾಫಿ ಬೀಜ ಆರಿಸಲಿಲ್ಲ. ಇದರ ಹಿಂದೆ ನಾಲ್ಕು ತಿಂಗಳು ಹೋಯಿತು. ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಎರಡನೇ ಬೋರ್ಡಿಗೆ ನಾವು ಐದು ವಾರ ಕಾಗದದ ಮೇಲೆ ಕೆಲಸ ಮಾಡಿದೆವು. ಆ ಐದು ವಾರದಲ್ಲಿ ಏನು ಮಾಡಿದೆವು, ಯಾಕೆ ಮಾಡಿದೆವು ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಯಂತ್ರ ಏನು ಅಂತ ಹೇಳಬೇಕು. ಹಾಸನದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಕಲರ್ ಸಾರ್ಟರ್ ಬೇಕಿತ್ತು. ಹಲ್ಲಿಂಗ್ ಆಗಿ (ಅಂದರೆ ಸಿಪ್ಪೆ ತೆಗೆದು), ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡಿದ ಮೇಲೂ ಬೀಜದ ರಾಶಿಯಲ್ಲಿ ಕಪ್ಪು ಬೀಜ, ಕಂದು ಬೀಜ, ಮುರುಕು ಉಳಿದಿರುತ್ತವೆ. ವ್ಯಾಪಾರದಲ್ಲಿ ಇವನ್ನು ಬಿಬಿಬಿ (ಬ್ಲ್ಯಾಕ್, ಬ್ರೌನ್, ಬಿಟ್ಸ್) ಅಂತ ಬೇರೆ ದರ್ಜೆಯಾಗಿಯೇ ಮಾರುತ್ತಾರೆ. ಒಳ್ಳೆಯ ದರ್ಜೆಯಲ್ಲಿ ಇವು ಸೇರಿಕೊಂಡರೆ ರೇಟು ಬೀಳುತ್ತದೆ. ಹಿಂದಿನಿಂದಲೂ ಇದನ್ನು ಕೈಯಲ್ಲಿ ಆರಿಸುವವರು ಹೆಣ್ಣುಮಕ್ಕಳು. ಯಂತ್ರದಲ್ಲಿ ಹೇಗೆ ಅಂದರೆ, ಬೀಜ ಓರೆಯಾದ ಚ್ಯೂಟ್ ಮೇಲಿಂದ ಜಾರಿ ಗಾಳಿಗೆ ಬೀಳುತ್ತದೆ. ಬೀಳುವಾಗಲೇ ಕ್ಯಾಮೆರಾ ನೋಡುತ್ತದೆ. ಕೆಟ್ಟ ಬೀಜ ಅಂತ ಗೊತ್ತಾದರೆ ಸ್ವಲ್ಪ ಕೆಳಗಿರುವ ವಾಲ್ವ್ ತೆರೆದು, ಒಂದು ಸಣ್ಣ ಗಾಳಿಯ ಹೊಡೆತ ಅದನ್ನು ಪಕ್ಕದ ಬುಟ್ಟಿಗೆ ತಳ್ಳುತ್ತದೆ. ನೋಡುವುದು, ತೀರ್ಮಾನ ಮಾಡುವುದು, ಹೊಡೆಯುವುದು, ಈ ಮೂರು ಕೆಲಸವೂ ಬೀಜ ನೆಲ ಮುಟ್ಟುವ ಮುಂಚೆ ಮುಗಿಯಬೇಕು.

ಎಫ್‌ಪಿಜಿಎ ಅಂದರೆ ಖಾಲಿ ಚಿಪ್ ಅಂತ ತಿಳಿದುಕೊಳ್ಳಿ. ಒಳಗೆ ಸಾವಿರಾರು ಸಣ್ಣ ಲಾಜಿಕ್ ತುಂಡುಗಳು, ಒಂದಿಷ್ಟು ಮೆಮೊರಿ, ಇವನ್ನೆಲ್ಲ ಹೇಗೆ ಬೇಕಾದರೂ ಜೋಡಿಸಬಹುದಾದ ತಂತಿಗಳು ಇರುತ್ತವೆ. ವೆರಿಲಾಗ್ ಅನ್ನುವ ಭಾಷೆಯಲ್ಲಿ ನಾವು ಬರೆದದ್ದು ಆ ಚಿಪ್ ಒಳಗೆ ನಿಜವಾದ ಸರ್ಕ್ಯೂಟ್ ಆಗುತ್ತದೆ. ಇಷ್ಟವಿಲ್ಲದಿದ್ದರೆ ಬದಲಾಯಿಸಿ ಮತ್ತೆ ತುಂಬಬಹುದು. ನಮ್ಮನ್ನು ಹಾದಿ ತಪ್ಪಿಸಿದ್ದೂ ಈ ಮಾತೇ. "ಆಮೇಲೆ ಬದಲಾಯಿಸಬಹುದಲ್ವಾ" ಅಂತ ಮೊದಲ ದಿನವೇ ಕೋಡ್ ಬರೆಯಲು ಕೂತೆವು. ಚಿಪ್ ಒಳಗಿನದನ್ನು ಬದಲಾಯಿಸಬಹುದು, ನಿಜ. ಆದರೆ ಅದರ ಸುತ್ತ ಇರುವ ಬೋರ್ಡು, ಪಿನ್ನು, ವೋಲ್ಟೇಜು ಒಂದು ಸಲ ಮಾಡಿದರೆ ಮುಗಿಯಿತು.

ಮೊದಲ ಬೋರ್ಡಿಗೆ ಆದದ್ದು

ಒಬ್ಬರು ಕ್ಯಾಮೆರಾ ಇಂಟರ್‌ಫೇಸ್ ಬರೆಯುತ್ತಿದ್ದರು, ನಾನು ಚಿತ್ರ ಸಂಸ್ಕರಣೆ ಬರೆಯುತ್ತಿದ್ದೆ, ಮತ್ತೊಬ್ಬರು ಅದೇ ಹೊತ್ತಿಗೆ ಬೋರ್ಡ್ ಲೇಔಟ್ ಮಾಡುತ್ತಿದ್ದರು. ಮೂವರೂ ಜೋರಾಗಿ ಕೆಲಸ ಮಾಡಿದೆವು. ಒಟ್ಟಿಗೆ ಕೂತು ಒಂದೇ ಹಾಳೆ ನೋಡಿದ್ದು ಮಾತ್ರ ಬೋರ್ಡ್ ತಯಾರಾಗಿ ಕೈಗೆ ಬಂದ ಮೇಲೆ.

ಆಗ ಮೂರು ಪೆಟ್ಟು ಬಿದ್ದವು. ಚಿಪ್‌ನ 50 ಬ್ಲಾಕ್ ಮೆಮೊರಿಗಳಲ್ಲಿ (ಒಳಗಿರುವ ಮೆಮೊರಿಯ ತುಂಡುಗಳಲ್ಲಿ) 48 ಆಗಲೇ ಖರ್ಚಾಗಿದ್ದವು. ಕ್ಯಾಮೆರಾ ಸಿಗ್ನಲ್‌ಗಳಿಗೆ ಬೇಕಾದ ಟರ್ಮಿನೇಶನ್ (ತಂತಿಯ ಕೊನೆಯಲ್ಲಿ ಇರಬೇಕಾದ ರೆಸಿಸ್ಟರ್) ಆ ಪಿನ್‌ಗಳಲ್ಲಿ ಸಿಗುವುದಿಲ್ಲ ಅಂತ ಟೂಲ್ ಎರರ್ ಕೊಟ್ಟಿತು. ಹಿಂಬದಿಯ ಐದು ರೆಸಿಸ್ಟರ್‌ಗಳ ಕಥೆ ಅದೇ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪವರ್ ಕೊಟ್ಟ ತಕ್ಷಣ 64 ವಾಲ್ವ್‌ಗಳೂ ಒಟ್ಟಿಗೆ ತೆರೆದುಕೊಂಡವು. ಸುಮಾರು ಆರು ಸೆಕೆಂಡ್ ಹಾಗೇ ಇದ್ದವು. ಕಂಪ್ರೆಸರ್ ಒತ್ತಡ ಪೂರ್ತಿ ಇಳಿಯಿತು, ಮೂರು ವಾಲ್ವ್‌ಗಳ ಕಾಯಿಲ್ ಸುಟ್ಟ ವಾಸನೆ ಬಂತು. ಆ ವಾಲ್ವ್‌ಗಳು ಮಿಲಿಸೆಕೆಂಡ್ ಲೆಕ್ಕದಲ್ಲಿ ತೆರೆದು ಮುಚ್ಚಲು ಮಾಡಿದವು. ಸೆಕೆಂಡ್‌ಗಟ್ಟಲೆ ಕರೆಂಟ್ ತಡೆಯಲು ಅಲ್ಲ.

ನಮ್ಮ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಸರ್ ಅಂತೀವಿ. ಅವತ್ತು ಅವರು ಬೈಯಲಿಲ್ಲ. ಬೋರ್ಡನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಕ್ಯೂರಿಂಗ್ ವರ್ಕ್ಸ್‌ಗೆ ಯಾರು ಯಾರು ಹೋಗಿದ್ರಪ್ಪ?" ಯಾರೂ ಹೋಗಿರಲಿಲ್ಲ. ಅಲ್ಲಿನವರು ಕಳಿಸಿದ್ದ ಎರಡು ಪುಟದ ಇಮೇಲ್ ನೋಡಿ ಕೆಲಸ ಶುರು ಮಾಡಿದ್ದೆವು.

ಬೀಜ ತಿರುಗಿಸಿ ನೋಡಿದಾಗ

ಹಾಗಾಗಿ ಎರಡನೇ ಸಲ ಮೊದಲ ವಾರ ಯಾರೂ ಲ್ಯಾಪ್‌ಟಾಪ್ ತೆರೆಯಲಿಲ್ಲ. ಬೆಳಿಗ್ಗೆ ಬಸ್ ಹತ್ತಿ ಹಾಸನದ ಕಡೆ ಹೊರಟೆವು. ಆರಿಸುವ ಹಾಲ್‌ನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಒಬ್ಬ ಅಕ್ಕ ಇದ್ದರು. ಅವರ ಪಕ್ಕ ಕೂತು, ಅವರು ತೆಗೆದು ಬಿಸಾಡುವ ಪ್ರತಿ ಬೀಜವನ್ನೂ ಯಾಕೆ ಅಂತ ಕೇಳುತ್ತಾ ಹೋದೆ. ಒಂದು ಬೀಜ ನನಗೆ ಚೆನ್ನಾಗೇ ಕಂಡಿತು. ಅವರು ಅದನ್ನು ಹೆಬ್ಬೆರಳಲ್ಲಿ ಉರುಳಿಸಿ ತೋರಿಸಿದರು. "ನೋಡಿ ಸಾರ್, ಈ ಕಡೆ ಚೆನ್ನಾಗೈತೆ. ತಿರುಗಿಸಿದ್ರೆ ಕಪ್ಪು."

ಬೀಜದ ಬೆನ್ನು ಹಸಿರು-ಬೂದು, ಹೊಟ್ಟೆಯ ಕಡೆ ಒಂದು ಕಪ್ಪು ಮಚ್ಚೆ. ಬೀಳುವಾಗ ಒಂದು ಕ್ಯಾಮೆರಾಗೆ ಒಂದೇ ಮುಖ ಕಾಣುತ್ತದೆ. ನಮ್ಮ ಮೊದಲ ಬೋರ್ಡಿನಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಅಂದರೆ ಆ ಬೋರ್ಡ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಇಂಥ ಬೀಜಗಳಲ್ಲಿ ಎಷ್ಟೋ ತಪ್ಪಿಸಿಕೊಳ್ಳುತ್ತಿದ್ದವು. ಮುಂದೆ ಒಂದು, ಹಿಂದೆ ಒಂದು, ಎರಡು ಕ್ಯಾಮೆರಾ ಬೇಕು ಅಂತ ಆ ಹಾಲ್‌ನಲ್ಲೇ ನಿರ್ಧಾರವಾಯಿತು. ಇದೊಂದರಿಂದ ಡೇಟಾ ದುಪ್ಪಟ್ಟು, ಪಿನ್ ದುಪ್ಪಟ್ಟು, ಕ್ಲಾಕ್ (ಸರ್ಕ್ಯೂಟಿಗೆ ತಾಳ ಹಾಕುವ ಸಿಗ್ನಲ್) ಒಂದು ಜಾಸ್ತಿ. ಬೋರ್ಡ್ ಆದ ಮೇಲೆ ಇದು ಗೊತ್ತಾಗಿದ್ದರೆ ಮೂರನೇ ಬೋರ್ಡ್ ಮಾಡಬೇಕಿತ್ತು.

ಎಫ್‌ಪಿಜಿಎ ಪ್ರಾಜೆಕ್ಟ್‌ಗೆ ಬೇಕಾದ ಅತಿ ಮುಖ್ಯ ಮಾಹಿತಿ ಡೇಟಾಶೀಟ್‌ನಲ್ಲಿ ಇರುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಆ ಅಕ್ಕನ ಹೆಬ್ಬೆರಳಲ್ಲಿ ಇತ್ತು.

ಎಫ್‌ಪಿಜಿಎ ನಿಜಕ್ಕೂ ಬೇಕಾ?

ಈ ಪ್ರಶ್ನೆಯನ್ನು ಮೊದಲ ಸಲ ನಾವು ಕೇಳಿಕೊಂಡೇ ಇರಲಿಲ್ಲ. ಎರಡನೇ ವಾರ ಪೂರ್ತಿ ಇದಕ್ಕೆ ಕೊಟ್ಟೆವು. ಎಫ್‌ಪಿಜಿಎ ಕೆಲಸ ನಿಧಾನ, ತಪ್ಪು ಹುಡುಕುವುದು ಕಷ್ಟ, ಕೆಲಸ ಗೊತ್ತಿದ್ದವರು ಸಿಗುವುದು ಇನ್ನೂ ಕಷ್ಟ. ಒಂದು ಮೈಕ್ರೋಕಂಟ್ರೋಲರ್ ಅಥವಾ ಸಣ್ಣ ಪಿಸಿ ಸಾಕಾದರೆ ಅದೇ ಒಳ್ಳೆಯದು.

ಲೆಕ್ಕ ಹಾಕಿದೆವು. ಚ್ಯೂಟ್ ಅಗಲ 300 ಮಿಲಿಮೀಟರ್. ಒಂದು ಸಾಲಿಗೆ 2048 ಪಿಕ್ಸೆಲ್ ಕೊಡುವ ಲೈನ್ ಸ್ಕ್ಯಾನ್ ಕ್ಯಾಮೆರಾ, ಅಂದರೆ ಚಿತ್ರವನ್ನು ಒಂದೊಂದೇ ಸಾಲಾಗಿ ತೆಗೆಯುವಂಥದ್ದು. ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 0.15 ಮಿಲಿಮೀಟರ್. ಎಎ ದರ್ಜೆಯ ಬೀಜ 7.1 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವಂಥದ್ದು. ಅದರ ಅಡ್ಡಕ್ಕೆ 48 ಪಿಕ್ಸೆಲ್ ಬೀಳುತ್ತವೆ. ಇಷ್ಟಿದ್ದರೆ ಸಣ್ಣ ಮಚ್ಚೆಯೂ ಕಾಣುತ್ತದೆ. ಸೆಕೆಂಡಿಗೆ 10,000 ಸಾಲು. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಒಂದೊಂದು ಬೈಟ್. ಗುಣಿಸಿದರೆ ಒಂದು ಕ್ಯಾಮೆರಾದಿಂದ ಸೆಕೆಂಡಿಗೆ 6 ಕೋಟಿ 14 ಲಕ್ಷ ಬೈಟ್. ಎರಡರಿಂದ 12 ಕೋಟಿಗೂ ಜಾಸ್ತಿ. ಸಾಧಾರಣ ಮೈಕ್ರೋಕಂಟ್ರೋಲರ್ ಇಲ್ಲೇ ಸೋತಿತು.

ಪಿಸಿ ಇಷ್ಟು ಡೇಟಾ ನುಂಗುತ್ತದೆ. ಅದರ ತೊಂದರೆ ಬೇರೆ. ಚ್ಯೂಟ್ ಬಿಡುವಾಗ ಬೀಜದ ವೇಗ ಸೆಕೆಂಡಿಗೆ 3.5 ಮೀಟರ್ ಇತ್ತು, ಅಲ್ಲೇ ಅಳೆದೆವು. ಕ್ಯಾಮೆರಾದಿಂದ ವಾಲ್ವ್‌ಗೆ 100 ಮಿಲಿಮೀಟರ್. ಗುರುತ್ವವನ್ನೂ ಸೇರಿಸಿದರೆ ಬೀಜ ಅಷ್ಟು ದೂರ ಬೀಳಲು ತೆಗೆದುಕೊಳ್ಳುವುದು 27.5 ಮಿಲಿಸೆಕೆಂಡ್. ಅದರಲ್ಲಿ 32 ಸಾಲು ನೋಡಿ ತೀರ್ಮಾನ ಮಾಡಲು 3.2 ಮಿಲಿಸೆಕೆಂಡ್. ವಾಲ್ವ್ ತೆರೆದು ಗಾಳಿ ಹೊರಡಲು 1.5. ಉಳಿದ 22.8 ಮಿಲಿಸೆಕೆಂಡ್ ಸುಮ್ನೆ ಕಾಯಬೇಕು, ಅಂದರೆ 228 ಸಾಲು. ಈ ಕಾಯುವಿಕೆ ಪ್ರತಿ ಸಲ ಅಷ್ಟೇ ಇರಬೇಕು. ಒಂದು ಮಿಲಿಸೆಕೆಂಡ್ ಆಚೀಚೆ ಆದರೆ ಗಾಳಿಯ ಹೊಡೆತ ಮೂರೂವರೆ ಮಿಲಿಮೀಟರ್‌ಗೂ ಜಾಸ್ತಿ ಆಚೀಚೆ ಬೀಳುತ್ತದೆ. ಅರ್ಧ ಬೀಜದಷ್ಟು. ಕೆಟ್ಟದ್ದನ್ನು ಬಿಟ್ಟು ಪಕ್ಕದ ಒಳ್ಳೆಯ ಬೀಜಕ್ಕೆ ಹೊಡೆಯುತ್ತದೆ. ಪಿಸಿಯಲ್ಲಿ ಆಪರೇಟಿಂಗ್ ಸಿಸ್ಟಂ ಯಾವಾಗ ಬೇರೆ ಕೆಲಸಕ್ಕೆ ಹೋಗುತ್ತದೋ ಯಾರು ಹೇಳಬೇಕು? ಎಫ್‌ಪಿಜಿಎಯಲ್ಲಿ 228 ಅಂದರೆ 228.

ಹೀಗೆ ಉತ್ತರ ಸಿಕ್ಕಿತು. ಕ್ಯಾಮೆರಾದಿಂದ ವಾಲ್ವ್‌ವರೆಗಿನ ದಾರಿ ಎಫ್‌ಪಿಜಿಎಗೆ. ಟಚ್ ಸ್ಕ್ರೀನು, ಸೆಟ್ಟಿಂಗು, ಲೆಕ್ಕಪತ್ರ ಎಲ್ಲ ಪಕ್ಕದ ಒಂದು ಸಾಧಾರಣ ಮೈಕ್ರೋಕಂಟ್ರೋಲರ್‌ಗೆ. ಮೊದಲ ಸಲ ಎಲ್ಲವನ್ನೂ ಎಫ್‌ಪಿಜಿಎ ಒಳಗೇ ಪ್ರೊಸೆಸರ್ ಕೂರಿಸಿ ಮಾಡಲು ಹೋಗಿದ್ದೆವು. ಅದನ್ನು ಬಿಟ್ಟಿದ್ದರಿಂದ ಅರ್ಧ ಕೆಲಸ ಹಗುರಾಯಿತು.

48 ಬ್ಲಾಕ್ ಹೇಗೆ 15 ಆಯಿತು

ಈ ಭಾಗ ನನಗೆ ತುಂಬ ಇಷ್ಟ. ಒಂದು ಸಾಲು ಕೋಡ್ ಇಲ್ಲದೆ, ಬರೀ ಪೆನ್ಸಿಲ್‌ನಲ್ಲಿ ಸಿಕ್ಕ ಲಾಭ ಇದು.

ಬೀಜ ಕೆಟ್ಟದ್ದೋ ಅಲ್ಲವೋ ಅಂತ ಹೇಳಲು ಒಂದು ಸಾಲು ನೋಡಿದರೆ ಸಾಲದು. ಸುತ್ತಮುತ್ತ 32 ಸಾಲುಗಳನ್ನು ಒಟ್ಟಿಗೆ ನೋಡಬೇಕು. ಇಲ್ಲದಿದ್ದರೆ ಒಂದು ಧೂಳಿನ ಕಣಕ್ಕೂ ವಾಲ್ವ್ ಹೊಡೆಯುತ್ತದೆ. ಮೊದಲ ಸಲ ನಾನು ಮಾಡಿದ್ದು ಹೀಗೆ: ಕ್ಯಾಮೆರಾದಿಂದ ಬಂದ ಪೂರ್ತಿ ಬಣ್ಣದ 32 ಸಾಲುಗಳನ್ನು ಮೆಮೊರಿಯಲ್ಲಿ ಇಟ್ಟು, ಆಮೇಲೆ ಬಣ್ಣ ನೋಡಿ ತೀರ್ಮಾನ. ಒಂದು ಸಾಲಿಗೆ 2048 ಪಿಕ್ಸೆಲ್, ಒಂದೊಂದಕ್ಕೆ 24 ಬಿಟ್. ನಾವು ಆರಿಸಿದ್ದ ಆರ್ಟಿಕ್ಸ್-7 35ಟಿ ಚಿಪ್‌ನಲ್ಲಿ ಒಂದು ಸಾಲು ಇಡಲು ಒಂದೂವರೆ ಬ್ಲಾಕ್ ಮೆಮೊರಿ ಬೇಕು. 32 ಸಾಲಿಗೆ 48. ಚಿಪ್‌ನಲ್ಲಿ ಇರುವುದೇ 50. ಎರಡು ಕ್ಯಾಮೆರಾ ಅಂದರೆ 96. ಹಾಗಾದರೆ 135 ಬ್ಲಾಕ್ ಇರುವ 100ಟಿ ಚಿಪ್‌ಗೆ ಹೋಗಬೇಕು, ಇಲ್ಲವೇ ಹೊರಗೆ ಡಿಡಿಆರ್ ಮೆಮೊರಿ ಕೂರಿಸಬೇಕು. ಡಿಡಿಆರ್ ಅಂದರೆ ಬೋರ್ಡ್ ಲೇಔಟ್ ಇನ್ನಷ್ಟು ಕಷ್ಟ, ಪದರ ಜಾಸ್ತಿ, ಖರ್ಚು ಜಾಸ್ತಿ.

ಸರ್ ಹಾಳೆಯ ಮೇಲೆ ಎರಡು ಡಬ್ಬಿ ಬರೆದರು. ಒಂದರಲ್ಲಿ 'ಇಡು', ಇನ್ನೊಂದರಲ್ಲಿ 'ತೀರ್ಮಾನ'. ನಾವು ಹಾಕಿದ್ದ ಬಾಣ ಇಡುವುದರಿಂದ ತೀರ್ಮಾನಕ್ಕೆ ಹೋಗುತ್ತಿತ್ತು. ಅವರು ಡಬ್ಬಿಗಳ ಜಾಗ ಬದಲಾಯಿಸಿದರು. "ಮೊದಲು ಪ್ರತಿ ಪಿಕ್ಸೆಲ್ ಯಾವ ಜಾತಿ ಅಂತ ಹೇಳಿಬಿಡು. ಆಮೇಲೆ ಆ ಜಾತಿಯನ್ನ ಮಾತ್ರ ಇಡು. ಬಣ್ಣ ಯಾಕೆ ಹೊತ್ಕೊಂಡು ಹೋಗ್ತೀಯ?"

ಒಂದು ಪಿಕ್ಸೆಲ್ ನಾಲ್ಕರಲ್ಲಿ ಒಂದು: ಹಿನ್ನೆಲೆ, ಒಳ್ಳೆಯದು, ಕಂದು, ಕಪ್ಪು. ಎರಡೇ ಬಿಟ್ ಸಾಕು. 24 ಬಿಟ್ ಹೋಗಿ 2 ಬಿಟ್ ಆಯಿತು. 32 ಸಾಲಿಗೆ ಈಗ 4 ಬ್ಲಾಕ್. ಎರಡು ಕ್ಯಾಮೆರಾಗೆ 8.

ಬಣ್ಣದಿಂದ ಜಾತಿ ಹೇಳುವ ಕೆಲಸಕ್ಕೆ ಒಂದು ಕೋಷ್ಟಕ. 24 ಬಿಟ್‌ಗೆ ಪೂರ್ತಿ ಕೋಷ್ಟಕ ಅಂದರೆ 1 ಕೋಟಿ 67 ಲಕ್ಷ ಮನೆಗಳು, ಆಗದ ಮಾತು. ಪ್ರತಿ ಬಣ್ಣದ ಮೇಲಿನ 5 ಬಿಟ್ ಮಾತ್ರ ತೆಗೆದುಕೊಂಡರೆ 32,768 ಮನೆ. ಅದಕ್ಕೆ 2 ಬ್ಲಾಕ್, ಎರಡು ಕ್ಯಾಮೆರಾಗೆ 4. ಕಾಯುವ ಸಾಲುಗಳಿಗೆ 64 ವಾಲ್ವ್ ಗುಣಿಸು ಕೆಲವು ನೂರು ಸಾಲು, 1 ಬ್ಲಾಕ್. ಕ್ಯಾಮೆರಾಗಳ ಫೈಫೋಗೆ (ಮೊದಲು ಬಂದದ್ದು ಮೊದಲು ಹೊರಹೋಗುವ ಮೆಮೊರಿಗೆ) 2. ಒಟ್ಟು 15. ಅದೇ ಸಣ್ಣ ಚಿಪ್, ಎರಡು ಕ್ಯಾಮೆರಾ, ಆದರೂ ಮುಕ್ಕಾಲು ಪಾಲಿನ ಹತ್ತಿರ ಮೆಮೊರಿ ಖಾಲಿ.

ಕೋಷ್ಟಕದಿಂದ ಇನ್ನೊಂದು ಅನುಕೂಲ ಆಯಿತು. ಅರೇಬಿಕಾ ಪಾರ್ಚ್‌ಮೆಂಟ್ ಲಾಟ್ ಮುಗಿದು ರೊಬಸ್ಟಾ ಚೆರ್ರಿ ಬಂದರೆ ಬೀಜದ ಬಣ್ಣವೇ ಬೇರೆ. ಕೋಷ್ಟಕವನ್ನು ಟಚ್ ಸ್ಕ್ರೀನ್‌ನಿಂದ ಮತ್ತೆ ತುಂಬಿದರೆ ಆಯಿತು, ಚಿಪ್‌ನ ಸರ್ಕ್ಯೂಟ್ ಮುಟ್ಟುವುದು ಬೇಡ. ಆವತ್ತೇ ಇನ್ನೊಂದು ಹಾಳೆ ಶುರು ಮಾಡಿದೆವು: ಯಂತ್ರ ಅಲ್ಲಿಗೆ ಹೋದ ಮೇಲೆ ಏನೇನು ಬದಲಾಗಬಹುದು? ಬಣ್ಣದ ಕೋಷ್ಟಕ, ಕಾಯುವ ಸಾಲುಗಳ ಸಂಖ್ಯೆ, ವಾಲ್ವ್ ತೆರೆದಿರುವ ಹೊತ್ತು, ಎಷ್ಟು ಕಪ್ಪು ಪಿಕ್ಸೆಲ್ ಇದ್ದರೆ ಹೊಡೆಯಬೇಕು ಅನ್ನುವ ಮಿತಿ. ಇವೆಲ್ಲ ರಿಜಿಸ್ಟರ್ (ಹೊರಗಿನಿಂದ ಬದಲಾಯಿಸಬಹುದಾದ ಮೌಲ್ಯ) ಆಗಬೇಕು ಅಂತ ಬರೆದಿಟ್ಟೆವು.

ಕ್ಲಾಕ್ ವಿಷಯವೂ ಹೀಗೇ ಲೆಕ್ಕದಲ್ಲೇ ತೀರಿತು. ಒಂದು ಕ್ಯಾಮೆರಾದಿಂದ ಸೆಕೆಂಡಿಗೆ ಎರಡು ಕೋಟಿ ಚಿಲ್ಲರೆ ಪಿಕ್ಸೆಲ್. 100 ಮೆಗಾಹರ್ಟ್ಸ್ ಕ್ಲಾಕ್ ಇದ್ದರೆ ಒಂದು ಪಿಕ್ಸೆಲ್‌ಗೆ ಹತ್ತಿರ ಹತ್ತಿರ ಐದು ಕ್ಲಾಕ್ ಸಿಗುತ್ತವೆ. ಮೊದಲ ಸಲ 200 ಮೆಗಾಹರ್ಟ್ಸ್ ಅಂತ ಹಟ ಹಿಡಿದು ಟೈಮಿಂಗ್ ಜೊತೆ ವಾರಗಟ್ಟಲೆ ಗುದ್ದಾಡಿದ್ದೆವು. ಯಾರಿಗೂ ಬೇಕಿಲ್ಲದ ವೇಗ ಅದು.

ಪಿನ್‌ಗಳ ಹಾಳೆ

ಐದು ರೆಸಿಸ್ಟರ್‌ಗಳ ಕಥೆಗೆ ಬರುತ್ತೇನೆ. ನಮ್ಮ ಕ್ಯಾಮೆರಾದ ಕ್ಯಾಮೆರಾ ಲಿಂಕ್ ಕೇಬಲ್‌ನಲ್ಲಿ ಚಿತ್ರ ಬರುವುದು ಐದು ಜೋಡಿ ತಂತಿಗಳಲ್ಲಿ, ನಾಲ್ಕು ಡೇಟಾ, ಒಂದು ಕ್ಲಾಕ್. ಪ್ರತಿ ಜೋಡಿಯ ಕೊನೆಯಲ್ಲಿ 100 ಓಂ ಟರ್ಮಿನೇಶನ್ ಬೇಕು. ಇಲ್ಲದಿದ್ದರೆ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರುತ್ತದೆ. ಎಫ್‌ಪಿಜಿಎ ಒಳಗೇ ಈ 100 ಓಂ ಇದೆಯಲ್ಲ, ಹೊರಗೆ ಯಾಕೆ ಅಂತ ಹಾಕಿರಲಿಲ್ಲ.

ಆದರೆ ಪಿನ್‌ಗಳು ಬ್ಯಾಂಕ್ ಅನ್ನುವ ಗುಂಪುಗಳಲ್ಲಿ ಇರುತ್ತವೆ. ಆರ್ಟಿಕ್ಸ್-7ನಲ್ಲಿ ಒಂದು ಪೂರ್ತಿ ಬ್ಯಾಂಕಿಗೆ 50 ಪಿನ್. ಒಂದು ಬ್ಯಾಂಕಿಗೆಲ್ಲ ಒಂದೇ ವೋಲ್ಟೇಜ್. ಒಳಗಿನ 100 ಓಂ ಬೇಕು ಅಂದರೆ ಆ ಬ್ಯಾಂಕ್ 2.5 ವೋಲ್ಟ್‌ನಲ್ಲೇ ಇರಬೇಕು. ನಮ್ಮ ಬೋರ್ಡಿನಲ್ಲಿ ಕ್ಯಾಮೆರಾ ಪಿನ್‌ಗಳು ವಾಲ್ವ್ ಪಿನ್‌ಗಳ ಜೊತೆ ಒಂದೇ ಬ್ಯಾಂಕಿನಲ್ಲಿ ಕೂತಿದ್ದವು. ವಾಲ್ವ್ ಡ್ರೈವರ್‌ಗೆ 3.3 ವೋಲ್ಟ್ ಬೇಕಿತ್ತು. ಹಾಗಾಗಿ ಇಡೀ ಬ್ಯಾಂಕ್ 3.3. ಒಳಗಿನ ಟರ್ಮಿನೇಶನ್ ಇಲ್ಲ. ಭೂತಗನ್ನಡಿ ಹಿಡಿದು ಚಿಪ್‌ನ ಹಿಂಬದಿ ರೆಸಿಸ್ಟರ್ ಅಂಟಿಸಿದೆವು, ಚಿತ್ರ ಬಂತು, ಆದರೆ ಕೇಬಲ್ ಅಲ್ಲಾಡಿದರೆ ಹೋಗುತ್ತಿತ್ತು.

ಎರಡನೇ ಸಲ ಒಂದು ದೊಡ್ಡ ಸ್ಪ್ರೆಡ್‌ಶೀಟ್ ಮಾಡಿ ಗೋಡೆಗೆ ಅಂಟಿಸಿದೆವು. ಪ್ರತಿ ಪಿನ್‌ಗೆ ಒಂದು ಸಾಲು: ಹೆಸರು, ಬ್ಯಾಂಕ್, ವೋಲ್ಟೇಜ್, ದಿಕ್ಕು, ಪವರ್ ಬಂದಾಗ ಯಾವ ಸ್ಥಿತಿಯಲ್ಲಿ ಇರಬೇಕು. ಎರಡೂ ಕ್ಯಾಮೆರಾ 2.5 ವೋಲ್ಟ್‌ನ ಒಂದು ಬ್ಯಾಂಕಿಗೆ. ವಾಲ್ವ್‌ಗಳು 3.3ರ ಎರಡು ಬ್ಯಾಂಕಿಗೆ. ಕ್ಯಾಮೆರಾ ಕ್ಲಾಕ್‌ಗಳು ಕ್ಲಾಕ್‌ಗೆಂದೇ ಇರುವ ಪಿನ್‌ಗಳಿಗೆ. ಎಲ್ಲ ಪಿನ್ನೂ ಕ್ಲಾಕ್ ತೆಗೆದುಕೊಳ್ಳಲು ಸರಿಯಾಗುವುದಿಲ್ಲ. ಲೇಔಟ್ ಮಾಡುವವರಿಗೆ ಇದನ್ನು ಹೇಳದಿದ್ದರೆ, ತಂತಿ ನೇರ ಹೋಗುತ್ತದೆ ಅಂತ ಪಕ್ಕದ ಪಿನ್‌ಗೆ ಬದಲಾಯಿಸಿಬಿಡುತ್ತಾರೆ. ಅವರ ತಪ್ಪಲ್ಲ ಅದು.

ಆಮೇಲೆ ಮಾಡಿದ ಒಂದು ಸಣ್ಣ ಕೆಲಸವನ್ನು ಎಲ್ಲರೂ ಮಾಡಬೇಕು ಅಂತ ನನ್ನ ಆಸೆ. ಬೋರ್ಡ್ ತಯಾರಿಕೆಗೆ ಹೋಗುವ ಮುಂಚೆ ಒಂದು ಬೊಂಬೆ ಡಿಸೈನ್ ಬರೆದೆವು. ಒಳಗೆ ಬುದ್ಧಿ ಏನೂ ಇಲ್ಲ. ಆದರೆ ಎಲ್ಲ ನಿಜವಾದ ಪಿನ್‌ಗಳು, ನಿಜವಾದ ವೋಲ್ಟೇಜ್‌ಗಳು, ನಿಜವಾದ ಕ್ಲಾಕ್‌ಗಳು, ಕ್ಯಾಮೆರಾ ಡೇಟಾ ಹಿಡಿಯುವ ಬ್ಲಾಕ್‌ಗಳು ಇದ್ದವು. ಅದನ್ನು ವಿವಾಡೋ ಅನ್ನುವ ಎಫ್‌ಪಿಜಿಎ ಟೂಲ್‌ನಲ್ಲಿ ಬಿಟ್‌ಸ್ಟ್ರೀಮ್‌ವರೆಗೂ, ಅಂದರೆ ಚಿಪ್‌ಗೆ ತುಂಬುವ ಫೈಲ್ ಬರುವವರೆಗೂ, ಓಡಿಸಿದೆವು. ಎರಡು ಎರರ್ ಬಂದವು. ಒಂದು ಜೋಡಿಯ ಪ್ಲಸ್, ಮೈನಸ್ ಅದಲುಬದಲಾಗಿತ್ತು. ಇನ್ನೊಂದು ವೋಲ್ಟೇಜ್ ಹೊಂದಿಕೆ ಇರಲಿಲ್ಲ. ಅರ್ಧ ದಿನದಲ್ಲಿ ಸರಿ ಮಾಡಿದೆವು. ಮೊದಲ ಸಲ ಇದೇ ಅರ್ಧ ದಿನ ಕೊಟ್ಟಿದ್ದರೆ ಆ ಐದು ರೆಸಿಸ್ಟರ್‌ಗಳ ಪ್ರಸಂಗವೇ ಇರುತ್ತಿರಲಿಲ್ಲ.

ಚಿಪ್ ಎಚ್ಚರಾಗುವ ಮುಂಚೆ

ಆರ್ಟಿಕ್ಸ್-7 ತನ್ನ ಸರ್ಕ್ಯೂಟನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪವರ್ ಬಂದ ಪ್ರತಿ ಸಲವೂ ಹೊರಗಿನ ಫ್ಲ್ಯಾಶ್ ಮೆಮೊರಿಯಿಂದ ಓದಿಕೊಳ್ಳಬೇಕು. 35ಟಿಗೆ ಅದು 1 ಕೋಟಿ 75 ಲಕ್ಷ ಬಿಟ್. ನಾವು ಯಾವ ಸೆಟ್ಟಿಂಗನ್ನೂ ಮುಟ್ಟಿರಲಿಲ್ಲ. ಹಾಗಾಗಿ 3 ಮೆಗಾಹರ್ಟ್ಸ್‌ನಲ್ಲಿ ಒಂದೊಂದೇ ಬಿಟ್ ಓದುತ್ತಿತ್ತು. ಭಾಗಿಸಿ ನೋಡಿ, 5.8 ಸೆಕೆಂಡ್. ವಾಲ್ವ್‌ಗಳು ತೆರೆದಿದ್ದ ಆ ಆರು ಸೆಕೆಂಡ್ ಇದೇ.

ಆ ಹೊತ್ತಿನಲ್ಲಿ ಪಿನ್‌ಗಳು ಏನು ಮಾಡುತ್ತವೆ? ಅದನ್ನು ಹೇಳುವುದಕ್ಕೆ ಚಿಪ್‌ನಲ್ಲಿ ಪಿಯುಡಿಸಿ ಅನ್ನುವ ಒಂದು ಪಿನ್ ಇದೆ. ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಓದಿಕೊಳ್ಳುವಷ್ಟು ಹೊತ್ತೂ ಎಲ್ಲ ಪಿನ್‌ಗಳನ್ನೂ ಒಳಗಿನ ಪುಲ್-ಅಪ್ ಮೇಲಕ್ಕೆ ಎಳೆಯುತ್ತದೆ. ನಾವು ಗ್ರೌಂಡ್‌ಗೆ ಸೇರಿಸಿದ್ದೆವು. ಮೇಲಕ್ಕೆ ಎಳೆದರೆ ಡ್ರೈವರ್‌ಗೆ ಆನ್ ಅಂತ ಅರ್ಥ. ನನ್ನ ವೆರಿಲಾಗ್‌ನಲ್ಲಿ ರೀಸೆಟ್ ಬಂದಾಗ ವಾಲ್ವ್ ಆಫ್ ಅಂತ ಸರಿಯಾಗೇ ಬರೆದಿತ್ತು. ಸಿಮ್ಯುಲೇಶನ್‌ನಲ್ಲೂ ಆಫ್. ಆದರೆ ಆ ಆರು ಸೆಕೆಂಡ್‌ನಲ್ಲಿ ನನ್ನ ವೆರಿಲಾಗ್ ಚಿಪ್ ಒಳಗೆ ಇನ್ನೂ ಹುಟ್ಟೇ ಇರಲಿಲ್ಲ.

ಆಗ ಸರ್ ನಮಗೆ ನಾಸಾದ ವೈರ್ ಉಪಗ್ರಹದ ವಿಷಯ ಓದಲು ಹೇಳಿದರು. ಪೂರ್ತಿ ಹೆಸರು ವೈಡ್-ಫೀಲ್ಡ್ ಇನ್‌ಫ್ರಾರೆಡ್ ಎಕ್ಸ್‌ಪ್ಲೋರರ್. 1999ರ ಮಾರ್ಚ್ 4ರಂದು ಹಾರಿದ್ದು. ದೂರದ ಗೆಲಾಕ್ಸಿಗಳಿಂದ ಬರುವ ಇನ್‌ಫ್ರಾರೆಡ್ ಬೆಳಕು ನೋಡಬೇಕಿದ್ದ ಆ ದೂರದರ್ಶಕವನ್ನು ತಣ್ಣಗಿಡಲು ಘನ ಹೈಡ್ರೋಜನ್ ತುಂಬಿದ್ದರು. ಮೇಲೊಂದು ಮುಚ್ಚಳ. ಸರಿಯಾದ ಹೊತ್ತಿಗೆ ಸಣ್ಣ ಸ್ಫೋಟಕ ಸಿಡಿಸಿ ಮುಚ್ಚಳ ತೆಗೆಯಬೇಕಿತ್ತು. ಆ ಸ್ಫೋಟಕದ ಪೆಟ್ಟಿಗೆಯಲ್ಲಿ ಇದ್ದದ್ದು ಆಕ್ಟೆಲ್ ಕಂಪನಿಯ ಎ1020 ಎಫ್‌ಪಿಜಿಎ. ಪೆಟ್ಟಿಗೆಗೆ ಪವರ್ ಕೊಟ್ಟ ಕೂಡಲೇ ಮುಚ್ಚಳ ಹಾರಿಹೋಯಿತು. ಬಿಸಿ ತಗುಲಿ ಹೈಡ್ರೋಜನ್ ಆವಿಯಾಗಿ ಹೊರನುಗ್ಗಿತು, ಉಪಗ್ರಹ ಗಿರಗಿರ ತಿರುಗಿತು, ನಾಲ್ಕು ತಿಂಗಳ ವೀಕ್ಷಣೆ ಶುರುವಾಗುವ ಮುಂಚೆಯೇ ಮುಗಿಯಿತು.

ತನಿಖೆಯಲ್ಲಿ ಕಂಡ ಕಾರಣ ಎರಡು. ರೀಸೆಟ್ ಕೆಲಸ ಮಾಡಲು ಕ್ಲಾಕ್ ಬೇಕಿತ್ತು, ಆದರೆ ಕ್ರಿಸ್ಟಲ್ ಆಸಿಲೇಟರ್ ಶುರುವಾಗಲು ಹೊತ್ತು ಬೇಕು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರಡನೆಯದು, ಆ ಚಿಪ್ ಒಳಗಿನ ಚಾರ್ಜ್ ಪಂಪ್ (ಒಳಗೇ ವೋಲ್ಟೇಜ್ ಏರಿಸುವ ಭಾಗ) ಏಳುವವರೆಗೆ ಅದರ ಔಟ್‌ಪುಟ್‌ಗಳು ಬರೆದ ಲಾಜಿಕ್ ಪ್ರಕಾರ ಇರುತ್ತವೆ ಅನ್ನುವ ಖಾತ್ರಿ ಇರಲಿಲ್ಲ. ಆ ಔಟ್‌ಪುಟ್‌ಗಳು ಸ್ಫೋಟಕ ಸಿಡಿಸುವ ಸರ್ಕ್ಯೂಟ್ ತಲುಪದ ಹಾಗೆ ತಡೆಯುವುದೂ ಏನೂ ಇರಲಿಲ್ಲ. ಅದನ್ನು ಓದಿದ ಮೇಲೆ ಟೇಬಲ್ ಸುತ್ತ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮದು ಮೂರು ಕಾಯಿಲ್‌ಗೆ ಮುಗಿದಿತ್ತು. ಅವರು ಒಂದು ಉಪಗ್ರಹದ ಕೆಲಸವನ್ನೇ ಕಳೆದುಕೊಂಡರು. ತಪ್ಪಿನ ಬೇರು ಒಂದೇ.

ಪಿನ್ ಹಾಳೆಯ ಕೊನೆಯ ಕಾಲಮ್ ಹುಟ್ಟಿದ್ದು ಹೀಗೆ. ಎರಡನೇ ಬೋರ್ಡಿನಲ್ಲಿ ಪಿಯುಡಿಸಿ ಪಿನ್ ಗ್ರೌಂಡ್ ಬದಲು ಸಪ್ಲೈ ವೋಲ್ಟೇಜ್‌ಗೆ, ಆಗ ಒಳಗಿನ ಪುಲ್-ಅಪ್ ಇರುವುದಿಲ್ಲ. ಪ್ರತಿ ವಾಲ್ವ್ ಪಿನ್‌ಗೂ ಹೊರಗೆ ಕೆಳಕ್ಕೆ ಎಳೆಯುವ ರೆಸಿಸ್ಟರ್. ಫ್ಲ್ಯಾಶ್ ಓದುವುದು ನಾಲ್ಕು ಬಿಟ್ ಅಗಲದಲ್ಲಿ, 33 ಮೆಗಾಹರ್ಟ್ಸ್‌ನಲ್ಲಿ, ಆಗ ಓದಲು 0.13 ಸೆಕೆಂಡ್ ಸಾಕು. ಇಷ್ಟಾದರೂ ಎಫ್‌ಪಿಜಿಎಯನ್ನೇ ನಂಬಿ ಕೂರಲಿಲ್ಲ. ವಾಲ್ವ್‌ಗಳ 24 ವೋಲ್ಟ್ ಸಪ್ಲೈಗೆ ಬೇರೆ ಒಂದು ಸ್ವಿಚ್ ಇಟ್ಟೆವು. ಎಫ್‌ಪಿಜಿಎ ಒಂದೇ ಸಮ ಮಿಡಿತ ಕಳಿಸುತ್ತಿದ್ದರೆ ಮಾತ್ರ ಅದು ಆನ್. ಪಿನ್ ಮೇಲೆ ಸಿಕ್ಕಿಕೊಂಡರೂ ಆಫ್, ಕೆಳಗೆ ಸಿಕ್ಕಿಕೊಂಡರೂ ಆಫ್. ಚಿಪ್ ಬದುಕಿದ್ದೇನೆ ಅಂತ ಹೇಳುತ್ತಲೇ ಇರಬೇಕು.

ಉಳಿದ ಹಾಳೆಗಳು

ಬಾಕಿ ವಿಷಯ ಬೇಗ ಹೇಳುತ್ತೇನೆ. ಅದು 2022, ಚಿಪ್‌ಗಳ ಬರ ಇನ್ನೂ ಮುಗಿದಿರಲಿಲ್ಲ. ಒಂದೇ ಚಿಪ್ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಅದಕ್ಕೇ 324 ಪಿನ್‌ನ ಪ್ಯಾಕೇಜ್ ಆರಿಸಿದೆವು. ಅದೇ ಜಾಗಕ್ಕೆ 35ಟಿ, 50ಟಿ, 100ಟಿ ಯಾವುದು ಸಿಕ್ಕರೂ ಕೂರುತ್ತದೆ. ಇವಕ್ಕೆಲ್ಲ ವಿವಾಡೋದ ಉಚಿತ ಆವೃತ್ತಿ ಸಾಕು, ಹಾಗಾಗಿ ಲೈಸೆನ್ಸ್ ಖರ್ಚಿಲ್ಲ. ಟೂಲ್‌ನ ಯಾವ ಆವೃತ್ತಿ ಅಂತ ಮೊದಲೇ ತೀರ್ಮಾನಿಸಿ ಎಲ್ಲರ ಕಂಪ್ಯೂಟರಿನಲ್ಲೂ ಅದನ್ನೇ ಹಾಕಿದೆವು. ಕ್ಲಾಕ್‌ಗಳ ನಕ್ಷೆ ಬರೆದೆವು: ಎರಡು ಕ್ಯಾಮೆರಾದ ಎರಡು, ನಮ್ಮದೊಂದು. ಒಂದು ಕ್ಲಾಕ್‌ನಿಂದ ಇನ್ನೊಂದಕ್ಕೆ ಡೇಟಾ ದಾಟುವ ಜಾಗ ಎಲ್ಲೆಲ್ಲಿ ಅಂತ ಕೆಂಪು ಪೆನ್ನಲ್ಲಿ ಗುರುತು. ಅಲ್ಲೆಲ್ಲ ಫೈಫೋ ಕಡ್ಡಾಯ. ಚಿಪ್ ಒಳಗೆ ಏನಾಗುತ್ತಿದೆ ಅಂತ ಇಣುಕಿ ನೋಡಲು ಡೀಬಗ್ ಬ್ಲಾಕ್ ಬೇಕು, ಅದೂ ಮೆಮೊರಿ ತಿನ್ನುತ್ತದೆ. ಅದಕ್ಕೆ 10 ಬ್ಲಾಕ್ ಎತ್ತಿಟ್ಟೆವು.

ಪರೀಕ್ಷೆಯ ಯೋಜನೆಗೆ ಮಾತ್ರ ಜಾಸ್ತಿ ಹೊತ್ತು ಕೊಟ್ಟೆವು. ಕ್ಯಾಮೆರಾ ಹೊತ್ತುಕೊಂಡು ಮತ್ತೆ ಕ್ಯೂರಿಂಗ್ ವರ್ಕ್ಸ್‌ಗೆ ಹೋದೆವು. ಬೀಜ ಬೀಳುವುದನ್ನು ಪಿಸಿಯಲ್ಲಿ ಹಾಗೇ ಕಚ್ಚಾ ರೂಪದಲ್ಲಿ ರೆಕಾರ್ಡ್ ಮಾಡಿದೆವು. ಅಕ್ಕ ಆರಿಸಿ ಕೊಟ್ಟ ಕಪ್ಪು ಬೀಜ ಒಂದು ಫೈಲ್, ಕಂದು ಒಂದು, ಒಳ್ಳೆಯದು ಒಂದು, ಬೆರಕೆ ಒಂದು. ಮೊದಲು ಪೈಥಾನ್‌ನಲ್ಲಿ ಇಡೀ ತೀರ್ಮಾನದ ಕೆಲಸ ಬರೆದು ಆ ಫೈಲ್‌ಗಳ ಮೇಲೆ ಓಡಿಸಿದೆವು. ಅದು ಒಪ್ಪಿಗೆಯಾದ ಮೇಲೆ ವೆರಿಲಾಗ್. ಸಿಮ್ಯುಲೇಶನ್‌ಗೂ ಅದೇ ಫೈಲ್‌ಗಳು, ಪೈಥಾನ್ ಏನು ಹೇಳಿತೋ ವೆರಿಲಾಗ್ ಬಿಟ್ ಬಿಟ್‌ಗೂ ಅದನ್ನೇ ಹೇಳಬೇಕು. ಬೋರ್ಡ್ ಕೈಗೆ ಬರುವ ಹೊತ್ತಿಗೆ ನಮ್ಮ ಸರ್ಕ್ಯೂಟ್ ಸಾವಿರಾರು ನಿಜವಾದ ಬೀಜಗಳನ್ನು ನೋಡಿಯಾಗಿತ್ತು.

ಐದು ವಾರ ಮುಗಿದ ಮೇಲೆ ಶುರುವಾದ ವೆರಿಲಾಗ್ ಏಳು ವಾರದಲ್ಲಿ ಮುಗಿಯಿತು. ಬೋರ್ಡ್ ಬಂದ ದಿನ ಕಂಪ್ರೆಸರ್ ಬೇಕಂತಲೇ ಪೂರ್ತಿ ಒತ್ತಡಕ್ಕೆ ಏರಿಸಿದೆವು. ಸರ್ ವಾಲ್ವ್‌ಗಳ ಬಾಯಿಗೆ ಅಂಗೈ ಹಿಡಿದು ನಿಂತರು. ನಾನು ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು. ಅಂಗೈಗೆ ಗಾಳಿ ತಾಗಲಿಲ್ಲ. ಇಪ್ಪತ್ತು ಸಲ ಆಫ್ ಮಾಡಿ ಆನ್ ಮಾಡಿದೆವು, ಇಪ್ಪತ್ತು ಸಲವೂ ಇಲ್ಲ.

ಯಂತ್ರ ಅಲ್ಲಿ ನಿಂತು ಎರಡು ತಿಂಗಳಾದ ಮೇಲೆ ಒಂದು ಫೋನ್ ಬಂತು. ಪೀಬೆರಿ ಲಾಟ್ ಹಾಕಿದ್ದಾರೆ, ಹೊಡೆತ ಒಂಚೂರು ತಡವಾಗಿ ಬೀಳುತ್ತಿದೆ ಅಂತ. ಪೀಬೆರಿ ಗುಂಡಗೆ ಇರುತ್ತದೆ. ಬೇರೆ ಬೀಜದ ಹಾಗೆ ಚ್ಯೂಟ್ ಮೇಲೆ ಜಾರುವುದಿಲ್ಲ, ಉರುಳುತ್ತದೆ, ಸ್ವಲ್ಪ ಬೇಗ ಬರುತ್ತದೆ. ಅದು ನಮಗೆ ಹೊಳೆದಿರಲಿಲ್ಲ. ಆದರೆ ಬದಲಾಗಬಹುದಾದವುಗಳ ಹಾಳೆಯಲ್ಲಿ ಎರಡನೇ ಸಾಲು ಕಾಯುವ ಸಂಖ್ಯೆಯೇ ಆಗಿತ್ತು. ಟಚ್ ಸ್ಕ್ರೀನ್‌ನಲ್ಲಿ 228 ತೆಗೆದು ಒಂದೊಂದೇ ಇಳಿಸುತ್ತಾ ನೋಡಿ ಅಂತ ಹೇಳಿದೆ. 221ಕ್ಕೆ ಸರಿಹೋಯಿತು.